ಹನ್ನೊಂದು ಏಟಿನ ಸಿನಿಮಾ

ಹನ್ನೊಂದನೆಯ ಏಟು ಬಿದ್ದ ಕೂಡಲೇ ಸಿನಿಮಾ ಪರೀಕ್ಷಾ ಮಂಡಳಿಯ ಮೂವರ ಕಣ್ಣೂ ಪರದೆಯ ಕೆಳಗಿನ ಮೂಲೆಗೆ ಹೋದವು. ಅಲ್ಲಿ ಒಂದು ಗಡಿಯಾರ ಸದಾ ಓಡುತ್ತಿರುತ್ತದೆ. ಏಟು ಯಾವ ನಿಮಿಷ, ಯಾವ ಸೆಕೆಂಡಿಗೆ ಬಿತ್ತು ಎಂದು ನೋಡಿ ಫಾರಂನ ಎರಡನೇ ಕಾಲಂನಲ್ಲಿ ಬರೆದು, ಪಕ್ಕದಲ್ಲಿ ಒಂದು ಗೀಟು ಎಳೆಯಬೇಕು. ಮೂವರೂ ಬರೆದರು, ಮೂವರೂ ಗೀಟು ಎಳೆದರು. ತಲೆ ಎತ್ತುವಷ್ಟರಲ್ಲಿ ಏಟು ತಿಂದವನು ನೆಲಕ್ಕೊರಗಿ, ಸಿನಿಮಾ ಮುಂದಿನ ಕೋಣೆಗೆ ಹೋಗಿಬಿಟ್ಟಿತ್ತು.

ಮೂವರಲ್ಲಿ ಒಬ್ಬಳೇ ಹೆಂಗಸು, ಅವಳು ಪೆನ್ನು ಹಿಡಿದು ಹನ್ನೆರಡನೆಯ ಏಟಿಗೆ ಕಾದಳು. ಹನ್ನೆರಡು ಬಿದ್ದರೆ ಸಿನಿಮಾ ಹದಿನೆಂಟು ದಾಟಿದವರಿಗೆ ಮಾತ್ರ. ಹನ್ನೊಂದಕ್ಕೇ ನಿಂತರೆ ಹದಿಮೂರು ತುಂಬಿದ ಮಕ್ಕಳೂ ಟಿಕೆಟ್ ಕೊಂಡು ಒಳಗೆ ಹೋಗಿ ಕೂರಬಹುದು. ಹನ್ನೆರಡನೆಯದು ಬೀಳಲೇ ಇಲ್ಲ. ಕೊಡಲಿ ಎತ್ತಿದ ಕೈ ಎತ್ತಿದ ಹಾಗೇ ನಿಂತಿತು, ಪರದೆ ಕಪ್ಪಾಯಿತು, ಹೆಸರುಗಳು ಉರುಳತೊಡಗಿದವು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ರಕ್ತ ಕಂಡದ್ದು ಒಟ್ಟು ಹತ್ತೊಂಬತ್ತು ಸೆಕೆಂಡು, ಇಪ್ಪತ್ತಾದರೆ ಹದಿನೆಂಟು. ಹೆಣ ಮೂರು, ನಾಲ್ಕಾದರೆ ಹದಿನೆಂಟು. ದರ್ಜಿ ಅಳತೆ ತೆಗೆದು ಹೊಲಿದ ಅಂಗಿಯ ಹಾಗೆ, ಆ ಸಿನಿಮಾ ಫಾರಂಗೆ ಎಲ್ಲೂ ಸುಕ್ಕಿಲ್ಲದೆ ಕೂತಿತ್ತು.

ಆ ಫಾರಂ ಬರೆದವಳೂ ಅವಳೇ ಎನ್ನುವುದು ಉರಿಯುವ ಮೈಗೆ ಇನ್ನೊಂದಿಷ್ಟು ಖಾರ. ಎಂಟು ವರ್ಷಗಳ ಹಿಂದೆ ಈ ಪರೀಕ್ಷಾ ಮಂಡಳಿಯಲ್ಲಿ ದಿನ ಬೆಳಗಾದರೆ ಜಗಳ. ಒಬ್ಬರಿಗೆ ಎದೆ ಒಡೆಯುವಂಥದ್ದು ಇನ್ನೊಬ್ಬರಿಗೆ ನಗೆ. ಒಬ್ಬ ಹಿರಿಯ ಸದಸ್ಯರಂತೂ ಪರದೆಯ ಮೇಲೆ ಬೆಕ್ಕು ಅಡ್ಡ ಹಾಯ್ದರೂ ಹದಿನೆಂಟು ಅನ್ನುತ್ತಿದ್ದರು. ಸಂಬಳಕ್ಕಿದ್ದ ಪರೀಕ್ಷಕಿ ಅಂದರೆ ಇವಳೊಬ್ಬಳೇ. ಮಿಕ್ಕವರೆಲ್ಲ ಸಾರ್ವಜನಿಕರ ಪರವಾಗಿ ಬಂದು ಹೋಗುವವರು. ಅವರ ಜಗಳ ಬಿಡಿಸಿ ಬಿಡಿಸಿ ಸಾಕಾಗಿ, ಮೂರು ತಿಂಗಳು ಕೂತು ಏಟು, ರಕ್ತ, ಹೆಣ, ಆಯುಧ ಎಂದು ಕಾಲಂ ಹಾಕಿದಳು, ಪ್ರತಿ ಕಾಲಂಗೂ ಒಂದು ಮಿತಿ ಗೊತ್ತು ಮಾಡಿದಳು. ಜಗಳ ಗಪ್‌ಚುಪ್ಪೆಂದು ನಿಂತಿತು. ಕಚೇರಿಯವರು ಅವಳಿಗೆ ಫಾರಮ್ಮ ಎಂದು ಹೆಸರಿಟ್ಟರು. ಮೊದಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು, ಆಮೇಲೆ ಮುಖದೆದುರೇ ಅನ್ನತೊಡಗಿದರು. ಅವಳಿಗೂ ಅದರಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು.

ದೀಪ ಹತ್ತಿತು. ಹಲ್ಲಿನ ಡಾಕ್ಟರು ಮೊದಲು ಎದ್ದರು. ಅವರು ಈ ವರ್ಷದ ಸಾರ್ವಜನಿಕ ಸದಸ್ಯರು, ಕ್ಲಿನಿಕ್ಕಿನಲ್ಲಿ ಇಬ್ಬರನ್ನು ಬಾಯಿ ಮರಗಟ್ಟಿಸಿ ಕೂರಿಸಿ ಬಂದವರ ಹಾಗೆ ಯಾವಾಗಲೂ ಅವಸರ. ಸಿನಿಮಾದ ರಕ್ತ ಅವರಿಗೆ ಎಂದೂ ಹಿಡಿಸುವುದಿಲ್ಲ, ಬಣ್ಣ ಸರಿಯಿರುವುದಿಲ್ಲ ಎಂಬ ಕಾರಣಕ್ಕೆ. ಇವತ್ತೂ ಅದನ್ನೇ ಹೇಳಿ, ಹದಿಮೂರು ಎಂದು ಬರೆದು ಸಹಿ ಮಾಡಿದರು. ಅಧ್ಯಕ್ಷರು ನಿವೃತ್ತ ಲೆಕ್ಕದ ಮೇಷ್ಟ್ರು. ಮೂರೂ ಫಾರಂ ಪಕ್ಕಪಕ್ಕದಲ್ಲಿಟ್ಟು ಮೇಲಿನಿಂದ ಕೆಳಗೆ ಒಮ್ಮೆ, ಕೆಳಗಿನಿಂದ ಮೇಲೆ ಒಮ್ಮೆ ಕೂಡಿದರು. ಮೂವರ ಮೊತ್ತವೂ ಒಂದೇ ಬಂದದ್ದಕ್ಕೆ ಅವರ ಮುಖ ಅರಳಿತು. ಹದಿಮೂರು ಎಂದು ಅವರೂ ಬರೆದರು.

ಫಾರಮ್ಮ ಪೆನ್ನಿನ ಮುಚ್ಚಳ ಹಾಕಿದಳು. ತಾನು ಸಹಿ ಹಾಕುವುದಿಲ್ಲ ಎಂದಳು.

ಯಾಕೆ ಎಂದು ಮೇಷ್ಟ್ರು ಕೇಳಿದರು. ಯಾಕೆ ಎಂದು ಅವಳಿಗೂ ಗೊತ್ತಿರಲಿಲ್ಲ. ಒಂದು ದೃಶ್ಯದ ಮಾತು ಮಾತ್ರ ಕಿವಿಯಿಂದ ಹೋಗಿರಲಿಲ್ಲ. ಸಿನಿಮಾದ ನಡುವೆ ಒಂದು ಹುಡುಗಿ ಬಟ್ಟೆಯ ಕಪಾಟಿನೊಳಗೆ ಅಡಗಿ ಕೂರುತ್ತಾಳೆ. ಹೊರಗೆ ಅವಳ ಅಣ್ಣನನ್ನು ಕೊಡಲಿ ಹಿಡಿದ ಆ ಪೀಡೆ ಕೊಲ್ಲುತ್ತಿರುತ್ತದೆ. ಕೊಲ್ಲುವುದು ಕಾಣುವುದಿಲ್ಲ. ಬಾಗಿಲ ಸಂದಿಯಿಂದ ಹುಡುಗಿಯ ಮುಖದ ಮೇಲೆ ಬಿದ್ದ ಬೆಳಕಿನ ಗೆರೆ ಮಾತ್ರ ಕಾಣುತ್ತದೆ. ಅಣ್ಣ ಅವಳನ್ನು ಕರೆಯುತ್ತಾನೆ, ಬಾಗಿಲು ತೆಗೆ ಅನ್ನುತ್ತಾನೆ, ಆಮೇಲೆ ತೆಗೆಯಬೇಡ ಅನ್ನುತ್ತಾನೆ. ಹೀಗೆ ನಾಲ್ಕು ನಿಮಿಷ. ಪರದೆಯ ಮೇಲೆ ಏಟು ಸೊನ್ನೆ, ರಕ್ತ ಸೊನ್ನೆ. ಬರೆದುಕೊಳ್ಳಲು ಏನೂ ಇಲ್ಲವಲ್ಲ ಎಂದು ಹಲ್ಲಿನ ಡಾಕ್ಟರು ಆ ನಾಲ್ಕು ನಿಮಿಷ ಫೋನ್ ನೋಡಿದ್ದರು, ಮೇಷ್ಟ್ರು ಹಿಂದಿನ ಪುಟದ ಮೊತ್ತ ಕೂಡಿದ್ದರು. ಅವಳು ಅವಸರದಲ್ಲಿ ಗೀಚಿದ ತನ್ನ ಅಂಕಿಗಳನ್ನು ದುಂಡಗೆ ತಿದ್ದಿಕೊಂಡಿದ್ದಳು.

ಕಪಾಟಿನ ದೃಶ್ಯ ಸರಿಯಿಲ್ಲ ಎಂದಳು. ಯಾವ ಕಾಲಂ ಎಂದು ಮೇಷ್ಟ್ರು ಕೇಳಿದರು. ಕಾಲಂ ಇಲ್ಲ ಎಂದಳು. ಮೇಷ್ಟ್ರು ಕನ್ನಡಕ ತೆಗೆದು ಅವಳನ್ನು ನೋಡಿದರು, ಇಡೀ ವರ್ಷ ನೂರಕ್ಕೆ ನೂರು ತೆಗೆದ ಹುಡುಗಿ ಕೊನೆಯ ಪರೀಕ್ಷೆಯಲ್ಲಿ ಉತ್ತರಪತ್ರಿಕೆ ಖಾಲಿ ಬಿಟ್ಟ ಹಾಗೆ. ನಾಳೆ ಹನ್ನೊಂದು ಗಂಟೆಯೊಳಗೆ ಒಂದು ಕಾರಣ ತನ್ನಿ, ಇಲ್ಲವಾದರೆ ಎರಡು ಸಹಿ ಸಾಕು, ಕಡತ ಮುಚ್ಚುತ್ತೇನೆ ಎಂದರು.

ಕಾರಿಡಾರಿನ ಬೆಂಚಿನಲ್ಲಿ ನಿರ್ಮಾಪಕ ಕಾಯುತ್ತಿದ್ದ. ಗಾಬರಿಯ ಗುರುತು ಇರಲಿಲ್ಲ. ಅವಳನ್ನು ಕಂಡೊಡನೆ ಎದ್ದು ನಿಂತು ಕೈ ಜೋಡಿಸಿದ.

"ಮೇಡಂ, ನಿಮ್ಮ ಫಾರಂನ ನಮ್ಮ ಎಡಿಟಿಂಗ್ ರೂಮಿನ ಗೋಡೆಗೆ ಅಂಟಿಸ್ಕೊಂಡಿದೀವಿ. ತುಂಬಾ ಅನುಕೂಲ ಆಯ್ತು."

ಅವನು ಅದನ್ನು ಮನಸಾರೆ ಹೊಗಳಿಕೆಯೆಂದೇ ಹೇಳಿದ್ದ. ಅವಳಿಗೆ ಅವನ ಕೆನ್ನೆಗೆ ಹನ್ನೆರಡನೆಯದನ್ನು ಬಿಡಬೇಕೆನಿಸಿತು. ಬರಿದೇ ತಲೆಯಾಡಿಸಿ ಮೆಟ್ಟಿಲಿಳಿದಳು.

ಮನೆಯಲ್ಲಿ ಇನ್ನೊಬ್ಬಳು ಕಾಯುತ್ತಿದ್ದಳು. ಹದಿಮೂರೂವರೆ ವರ್ಷದ ಮಗಳು. ಈ ಸಿನಿಮಾ ಬಿಡುಗಡೆಯಾಗುವ ದಿನವೇ ಅವಳ ತರಗತಿಯ ಒಂಬತ್ತು ಹುಡುಗಿಯರು ಒಟ್ಟಿಗೆ ಹೋಗುವುದೆಂದು ಗೊತ್ತಾಗಿತ್ತು. ಯಾರ ಅಮ್ಮ ಎಲ್ಲಿ ಕೆಲಸ ಮಾಡುತ್ತಾಳೆಂದು ಒಂಬತ್ತು ಮಂದಿಗೂ ಗೊತ್ತಿತ್ತು. ಹದಿನೆಂಟು ಕೊಟ್ಟರೆ ತಾನು ಶಾಲೆ ಬದಲಾಯಿಸಬೇಕಾಗುತ್ತದೆ ಎಂದು ಮಗಳು ವಾರದಿಂದ ತಲೆ ತಿನ್ನುತ್ತಿದ್ದಳು. ಈಚೆಗೆ ಅವಳೊಡನೆ ಏಗುವುದೇ ಒಂದು ಪಾಡಾಗಿತ್ತು. ಕರೆದರೆ ಓ ಅನ್ನುವುದಿಲ್ಲ, ತಾಳು ಎಂದು ಒಂದು ಬೆರಳು ಎತ್ತುತ್ತಾಳೆ. ತಟ್ಟೆ ಮುಂದಿಟ್ಟುಕೊಂಡು ಎಲ್ಲಿಯೋ ನೋಡುತ್ತ ತುಟಿ ಆಡಿಸುತ್ತಾಳೆ. ಹಾಡು ಗುನುಗುತ್ತಿದ್ದಾಳೆ ಎಂದುಕೊಂಡು ತಾಯಿ ದಿನಕ್ಕೆ ನಾಲ್ಕು ಸಲ ರೇಗುತ್ತಿದ್ದಳು. ತಾಯಿ ಮಗಳ ಯುದ್ಧಗಳಲ್ಲಿ ಗಂಡ ತಲೆ ಹಾಕುವವನಲ್ಲ, ಒಲೆಯ ಮುಂದೆ ನಿಂತು ಬೆನ್ನು ತೋರಿಸಿ ಈರುಳ್ಳಿ ಹುರಿಯುತ್ತಿದ್ದ.

ಚಪ್ಪಲಿ ಬಿಡುವ ಮೊದಲೇ ಪ್ರಶ್ನೆ ಬಂತು, ಹದಿಮೂರು ತಾನೇ ಎಂದು. ಕಚೇರಿಯ ವಿಷಯ ಮನೆಯಲ್ಲಿ ಆಡುವ ಹಾಗಿಲ್ಲ ಎಂದು ತಾಯಿ ನೂರನೆಯ ಸಲ ಹೇಳಿದಳು. ಅದರಲ್ಲಿ ಏನಿದೆ ಮಹಾ, ನಾಲ್ಕು ಏಟು, ಅರ್ಧ ಬಕೆಟ್ ಕೆಂಪು ನೀರು ಎಂದು ಮಗಳು ಮೂಗು ಮುರಿದಳು.

"ಆ ಕಪಾಟಿಂದೊಂದು ಬಿಟ್ರೆ ಎಲ್ಲಾ ಬೋರು," ಎಂದಳು.

ತಾಯಿಯ ಒಂದು ಕಾಲು ಚಪ್ಪಲಿಯಲ್ಲಿತ್ತು, ಇನ್ನೊಂದು ನೆಲದ ಮೇಲಿತ್ತು. ಇನ್ನೂ ಬಿಡುಗಡೆಯೇ ಆಗದ ಸಿನಿಮಾದಲ್ಲಿ ಕಪಾಟಿದೆ ಎಂದು ನಿನಗೆ ಹೇಗೆ ಗೊತ್ತು ಎಂದು ಕೇಳಿದಳು. ಮಗಳು ನಾಲಿಗೆ ಕಚ್ಚಿಕೊಂಡಳು. ಆಮೇಲೆ ಒಂದೊಂದಾಗಿ ಹೊರಬಿತ್ತು. ಗೆಳತಿಯೊಬ್ಬಳ ಅಣ್ಣ ಎಲ್ಲಿಂದಲೋ ಕದ್ದ ಪ್ರತಿ ಇಳಿಸಿಕೊಂಡಿದ್ದ. ಎರಡು ವಾರದ ಹಿಂದೆ, ಶಾಲೆ ಬೇಗ ಬಿಟ್ಟ ಮಧ್ಯಾಹ್ನ, ಐದು ಹುಡುಗಿಯರು ಆ ಮನೆಯ ಕೋಣೆಯಲ್ಲಿ ಕಿಟಕಿಗೆ ಕಂಬಳಿ ಹೊದಿಸಿ ನೋಡಿದ್ದರು. ಈಗ ದೊಡ್ಡ ಪರದೆಯಲ್ಲಿ ನೋಡುವ ಯೋಜನೆ ಮಿಕ್ಕ ನಾಲ್ವರಿಗಾಗಿ. ಹೋಗದಿದ್ದರೆ ಹೆದರಿದಳು ಅನ್ನುತ್ತಾರೆ.

ತಾಯಿ ಹತ್ತು ನಿಮಿಷ ಒಂದೇ ಉಸಿರಿಗೆ ಬೈದಳು. ಕಳ್ಳತನದ ಪ್ರತಿ, ಕಂಬಳಿ, ಗೆಳತಿಯ ಅಣ್ಣ, ಸುಳ್ಳು, ತನ್ನ ಕೆಲಸದ ಮರ್ಯಾದೆ, ಒಂದನ್ನೂ ಬಿಡಲಿಲ್ಲ. ಗಂಡ ಒಲೆ ಆರಿಸಿ ತಿರುಗಿದ. ಬೈಗುಳ ಮುಗಿಯುವವರೆಗೂ ಮಗಳು ಎದುರಿನ ಗೋಡೆ ನೋಡುತ್ತ ನಿಂತಿದ್ದಳು, ತುಟಿ ಮಾತ್ರ ಅಲ್ಲಾಡುತ್ತಿತ್ತು. ತಾಯಿ ಸುಸ್ತಾಗಿ ಕುರ್ಚಿಯಲ್ಲಿ ಕೂತು, ಹೆದರಿಕೆ ಆಯಿತಾ ಎಂದು ಕೇಳಿದಳು.

"ಇಲ್ಲ. ನಾನು ಎಣಿಸ್ಕೊಂಡೆ."

"ಏನನ್ನ?"

"ಏನನ್ನೂ ಇಲ್ಲ, ಸುಮ್ನೆ ಒಂದು ಎರಡು ಅಂತ. ನೀನೇ ಹೇಳ್ಕೊಟ್ಟಿದ್ದಲ್ಲ, ಇಂಜೆಕ್ಷನ್ ಚುಚ್ಚೋವಾಗ. ಆ ಹುಡುಗಿ ಕಪಾಟೊಳಗೆ ಹೋದಾಗಿಂದ ಎಣಿಸ್ದೆ. ಇನ್ನೂರ ಮೂವತ್ತೆಂಟಕ್ಕೆ ಸೀನ್ ಮುಗೀತು."

"ಸದ್ಯ, ಮುಗೀತಲ್ಲ."

"ಸೀನ್ ಮುಗೀತು. ಎಣಿಸೋದು ನಿಲ್ತಾ ಇಲ್ಲಮ್ಮ."

ಮಗಳು ಅದನ್ನು ಹೇಳಿದ ರೀತಿಯಲ್ಲಿ ಅಳು ಇರಲಿಲ್ಲ, ಬೇಸರವಿತ್ತು. ಕೆಟ್ಟುಹೋದ ನಲ್ಲಿಯ ಬಗ್ಗೆ ಹೇಳುವ ಹಾಗೆ ಹೇಳಿದಳು. ಮೆಟ್ಟಿಲು ಹತ್ತುವಾಗ, ಹಲ್ಲುಜ್ಜುವಾಗ, ಪಾಠ ನಡೆಯುವಾಗ ಅದು ತಾನಾಗಿ ಶುರುವಾಗುತ್ತದೆ. ಇನ್ನೂರ ಮೂವತ್ತೆಂಟು ಮುಟ್ಟಬೇಕು. ನಡುವೆ ಯಾರಾದರೂ ಕರೆದು ತಪ್ಪಿತೆಂದರೆ ಮತ್ತೆ ಒಂದರಿಂದ ಶುರು. ಎಣಿಸದೆ ಇದ್ದರೆ ಆ ಅಣ್ಣ ಕರೆಯುವುದು ಕೇಳಿಸುತ್ತದೆ. ತೆಗೆ ಅನ್ನುತ್ತಾನೆ, ಆಮೇಲೆ ತೆಗೆಯಬೇಡ ಅನ್ನುತ್ತಾನೆ.

ಎರಡು ವಾರದಿಂದ ಈ ಮಗು ತಟ್ಟೆಯ ಮುಂದೆ ಕೂತು ಇದನ್ನು ಮಾಡುತ್ತಿತ್ತು, ತಾಯಿ ಅನ್ನ ಆರಿಹೋಯಿತು ಎಂದು ರೇಗುತ್ತಿದ್ದಳು. ತನ್ನ ಮೇಲೆ ತನಗೇ ಅಸಹ್ಯವಾಯಿತು.

"ನಿಂಗೆ ಹೆದರಿಕೆ ಆಯ್ತಾ, ಅದನ್ನ ನೋಡಿ?" ಎಂದು ಮಗಳು ಕೇಳಿದಳು.

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ನಾನು ನೋಡ್ಲಿಲ್ಲ ಕಣೆ. ಕಣ್ಣೆದುರಿಗೇ ಇತ್ತು. ನಾನು ಅಂಕಿ ತಿದ್ತಾ ಕೂತಿದ್ದೆ."

ಎಣಿಸುವುದರ ವಿಷಯ ಯಾರ ಹತ್ತಿರವೂ ಹೇಳಬೇಡ ಎಂದಳು ಮಗಳು. ಹೇಳದಿರಲು ತಾಯಿಗೂ ಬೇರೆ ಕಾರಣವಿತ್ತು. ಫಾರಂನ ಮೊದಲ ಪುಟದಲ್ಲಿ ಒಂದು ಮುಚ್ಚಳಿಕೆ ಇದೆ: ನಾನಾಗಲಿ ನನ್ನ ಮನೆಯವರಾಗಲಿ ಈ ಚಿತ್ರವನ್ನು ಮೊದಲೇ ನೋಡಿರುವುದಿಲ್ಲ. ನೋಡಿದ್ದರೆ ಆ ಸದಸ್ಯರು ಸಮಿತಿಯಿಂದ ಹೊರಕ್ಕೆ. ಕದ್ದ ಪ್ರತಿ ಎಂದಾದರೆ ವಿಚಾರಣೆ ಬೇರೆ. ಅದನ್ನು ಸೇರಿಸಿದವಳೂ ಈ ಮಹಾತಾಯಿಯೇ. ಬಾಯಿ ಬಿಟ್ಟರೆ ಅವಳ ಮತ ಹೋಗುತ್ತದೆ, ಮಿಕ್ಕ ಇಬ್ಬರ ಹದಿಮೂರು ಉಳಿಯುತ್ತದೆ.

ಮರುದಿನ ಹತ್ತೂವರೆಗೆ ಮೇಷ್ಟ್ರು ಕಾರಣ ಎಲ್ಲಿ ಎಂದು ಕೇಳಿದಾಗ, ನಾಲ್ಕು ನಿಮಿಷ ಕೊಡಿ ಎಂದಳು. ಕಪಾಟಿನ ದೃಶ್ಯ ಒಂದನ್ನೇ, ಫಾರಂ ಇಲ್ಲದೆ, ಪೆನ್ನು ಇಲ್ಲದೆ. ಹಲ್ಲಿನ ಡಾಕ್ಟರು ಗೊಣಗಿದರು, ಯಾರದೋ ದವಡೆ ಅವರಿಗಾಗಿ ತೆರೆದು ಕೂತಿತ್ತಂತೆ. ಅವಳು ಅವರ ಫೋನನ್ನು ಕೈಯಿಂದಲೇ ಇಸಿದುಕೊಂಡು ಚೀಲಕ್ಕೆ ಹಾಕಿದಳು. ಪರದೆಯ ಮೂಲೆಯ ಗಡಿಯಾರದ ಮೇಲೆ ಒಂದು ಕಾಗದ ಅಂಟಿಸಿ ಬಂದಳು. ಮೇಷ್ಟ್ರು ಕೈ ಎಲ್ಲಿಡಬೇಕೆಂದು ತಿಳಿಯದೆ ಎರಡನ್ನೂ ಕುರ್ಚಿಯ ತೋಳಿನ ಮೇಲಿಟ್ಟರು. ದೀಪ ಆರಿತು.

ಮೊದಲ ನಿಮಿಷ ಏನೂ ಆಗಲಿಲ್ಲ. ಎರಡನೆಯ ನಿಮಿಷದಲ್ಲಿ ಅಣ್ಣ ಕರೆಯತೊಡಗಿದ. ತಂಗಿಯನ್ನು ಮನೆಯಲ್ಲಿ ಮುದ್ದಿಗೆ ಕರೆಯುವ ಹೆಸರಿನಿಂದ ಕರೆದ, ಊಟಕ್ಕೆ ಬಾ ಅನ್ನುವಷ್ಟು ಮೆಲ್ಲಗೆ. ಹುಡುಗಿಯ ಕೈ ಬಾಗಿಲ ಕಡೆಗೆ ಹೋಗಿ ಹಿಂದಕ್ಕೆ ಬಂತು. ಫಾರಮ್ಮನಿಗೆ ಅಲ್ಲಿ ತನ್ನ ಮಗಳ ಕೈ ಕಂಡಿತು. ಎದ್ದು ಹೋಗಬೇಕೆನಿಸಿತು. ಹದಿನೆಂಟು ವರ್ಷದ ನೌಕರಿಯಲ್ಲಿ ಅವಳಿಗೆ ಹಾಗೆ ಅನಿಸಿದ್ದು ಅದೇ ಮೊದಲು. ಪಕ್ಕದಲ್ಲಿ ಟಕ್ ಟಕ್ ಎಂದು ಸಣ್ಣ ಸದ್ದು ಕೇಳಿ ತಿರುಗಿದಳು. ಮೇಷ್ಟ್ರ ಬೆರಳು ಕುರ್ಚಿಯ ತೋಳಿನ ಮೇಲೆ ಕುಟ್ಟುತ್ತಿತ್ತು, ತುಟಿ ಆಡುತ್ತಿತ್ತು.

"ಎಣಿಸಬೇಡಿ ಮೇಷ್ಟ್ರೇ," ಎಂದಳು. "ನೋಡಿ."

ಬೆರಳು ನಿಂತಿತು. ತೆಗೆಯಬೇಡ ಎನ್ನುವಲ್ಲಿಗೆ ಬಂದಾಗ ಮೇಷ್ಟ್ರು ದೀಪ ಹಾಕಿ ಎಂದರು. ಹಾಕುವವನಿಗೆ ಕೇಳಿಸದೆ ಇನ್ನೊಮ್ಮೆ ಜೋರಾಗಿ ಹೇಳಬೇಕಾಯಿತು.

ಬೆಳಕಿನಲ್ಲಿ ಹಲ್ಲಿನ ಡಾಕ್ಟರು ನೆಲ ನೋಡುತ್ತಿದ್ದರು. ಇದಕ್ಕೂ ಏಟಿಗೂ ಸಂಬಂಧವಿಲ್ಲ ಎಂದು ಶುರು ಮಾಡಿದವರು ಅಲ್ಲಿಗೇ ಬಿಟ್ಟರು. ಮೇಷ್ಟ್ರು ಕನ್ನಡಕ ಒರೆಸಿದರು. ತಮಗೇನೋ ಕಸಿವಿಸಿ ಆದದ್ದು ನಿಜ, ಆದರೆ ಅರವತ್ತೆಂಟು ವರ್ಷದವನ ಕಸಿವಿಸಿ ಕಟ್ಟಿಕೊಂಡು ಏನು ಮಾಡುವುದು ಎಂದರು. ಕಾಲಂ ಇಲ್ಲದೆ ಹದಿನೆಂಟು ಕೊಟ್ಟರೆ ಹೊರಗೆ ಕೂತಿರುವವನು ನಾಳೆಯೇ ಮೇಲ್ಮನವಿ ಹಾಕುತ್ತಾನೆ. ಅಲ್ಲಿ ಏನೆಂದು ಹೇಳುವುದು?

"ಮಕ್ಕಳಿಗೆ ಇದರಿಂದ ತೊಂದರೆ ಆಗತ್ತೆ ಅಂತೀರಿ. ಯಾವ ಮಗುಗೆ ಆಗಿದೆ? ಒಂದನ್ನ ತೋರಿಸಿ," ಎಂದರು.

ಫಾರಮ್ಮ ಹಲ್ಲಿನ ಡಾಕ್ಟರ ಫೋನನ್ನು ಚೀಲದಿಂದ ತೆಗೆದು ಅವರಿಗೆ ಕೊಟ್ಟಳು. ಯಾರಿಗೂ ಹೇಳಬೇಡ ಎಂದದ್ದು ಕಿವಿಯಲ್ಲೇ ಇತ್ತು. ಇಷ್ಟು ವರ್ಷ ತಲೆ ಚಚ್ಚಿಕೊಂಡು ಕಟ್ಟಿದ ಕೆಲಸ ಈಗ ಕೈಬಿಡುತ್ತಿದೆ ಎಂದೂ ಗೊತ್ತಿತ್ತು. ಬಾಯಿ ಮುಚ್ಚಿಕೊಂಡರೆ ಊರ ತುಂಬ ಹದಿಮೂರರ ಮಕ್ಕಳು ಬೆರಳು ಮಡಚುತ್ತ ಕೂರುತ್ತಾರೆ.

"ನನ್ನ ಮಗಳಿಗೆ," ಎಂದಳು.

ಎಲ್ಲವನ್ನೂ ಹೇಳಿದಳು. ಕಂಬಳಿ, ಕದ್ದ ಪ್ರತಿ, ಇನ್ನೂರ ಮೂವತ್ತೆಂಟು. ಮುಗಿದ ಮೇಲೆ ಮೇಷ್ಟ್ರು ಅವಳ ಫಾರಂನ ಮೊದಲ ಪುಟ ತಿರುಗಿಸಿ ಮುಚ್ಚಳಿಕೆಯನ್ನು ಓದಿದರು. ಇದನ್ನು ಬರೆದವರು ಯಾರು ಎಂದು ಕೇಳಿದರು, ಗೊತ್ತಿದ್ದೂ. ನಾನೇ ಎಂದಳು. ನಿಮ್ಮಂಥವರನ್ನು ಕಟ್ಟಿಕೊಂಡು ಏಗುವುದು ದೇವರಿಗೂ ಕಷ್ಟ ಎಂದು ಗೊಣಗಿ, ಅವಳ ಹೆಸರಿನ ಮೇಲೆ ಅಡ್ಡಗೆರೆ ಎಳೆದರು. ವಿಚಾರಣೆ ಮುಗಿಯುವವರೆಗೆ ಕಡತಗಳ ವಿಭಾಗಕ್ಕೆ ಹೋಗಬೇಕಾಗುತ್ತದೆ, ಆಮೇಲೆ ಈ ಕೋಣೆಗೆ ವಾಪಸು ಕರೆಯುತ್ತಾರೆಂಬ ಭರವಸೆ ತಾವು ಕೊಡಲಾರೆವು ಎಂದರು. ಬಳಿಕ ತಮ್ಮ ಫಾರಂನಲ್ಲಿ ಹದಿಮೂರನ್ನು ಹೊಡೆದುಹಾಕಿ ಹದಿನೆಂಟು ಎಂದು ಬರೆದರು. ಕಾರಣದ ಜಾಗದಲ್ಲಿ ಬಹಳ ಹೊತ್ತು ಪೆನ್ನು ಹಿಡಿದಿದ್ದು, ಹದಿಮೂರೂವರೆ ವರ್ಷದ ಒಬ್ಬ ಹುಡುಗಿ ಎಂದಷ್ಟೇ ಬರೆದು ಹಲ್ಲಿನ ಡಾಕ್ಟರ ಕಡೆಗೆ ತಳ್ಳಿದರು. ಅವರೂ ತಮ್ಮ ಹದಿಮೂರನ್ನು ಹೊಡೆದುಹಾಕಿ ಸಹಿ ಮಾಡಿದರು.

ಬಾಗಿಲಾಚೆ ನಿರ್ಮಾಪಕನ ದನಿ ಏರುತ್ತಿತ್ತು, ಯಾವ ಕಾಲಂ, ಯಾವ ಕಾಲಂ ಎಂದು. ಅವಳು ಹಿಂದಿನ ಮೆಟ್ಟಿಲಿನಿಂದ ಇಳಿದು ಹೋದಳು.

ಎಷ್ಟೋ ವರ್ಷಗಳ ಮೇಲೆ ಅವಳಿಗೆ ಮಧ್ಯಾಹ್ನ ಬಿಡುವಾಗಿತ್ತು. ಶಾಲೆಯ ಗೇಟಿಗೆ ಹೋಗಿ ನಿಂತಳು. ಮಗಳು ಹೊರಬಂದದ್ದೇ ಅಮ್ಮನ ಮುಖ ನೋಡಿ ಅರ್ಥ ಮಾಡಿಕೊಂಡಳು. ಹದಿನೆಂಟು ಎಂದು ತಾಯಿ ಹೇಳಿದಳು. ನಿನ್ನ ವಿಷಯ ಹೇಳಿಬಿಟ್ಟೆ, ಹೆಸರು ಬರೆದಿಲ್ಲ, ಆದರೆ ಹೇಳಿದೆ ಎಂದೂ ಹೇಳಿದಳು. ಮಗಳ ಕಣ್ಣು ತುಂಬಿತು. ಚೀಲವನ್ನು ಹೆಗಲಿಗೆಳೆದುಕೊಂಡು ಬಿರಬಿರನೆ ಮುಂದೆ ನಡೆದಳು.

ತಾಯಿ ಹತ್ತು ಹೆಜ್ಜೆ ಹಿಂದೆ ನಡೆದಳು. ಬೀಗ ರಿಪೇರಿಯ ಅಂಗಡಿ ದಾಟಿತು, ಬಸ್ಸಿಗೆ ಕಾಯುವವರ ಸಾಲು ದಾಟಿತು. ರಸ್ತೆ ದಾಟಲು ಮಗಳು ನಿಂತಾಗ ಪಕ್ಕಕ್ಕೆ ಹೋಗಿ ನೋಡಿದಳು. ತುಟಿ ಆಡುತ್ತಿತ್ತು. ಅರವತ್ತನಾಲ್ಕು. ಅರವತ್ತೈದು.

ಏನು ಮಾಡಬೇಕೆಂದು ತೋಚಲಿಲ್ಲ. ನಾಳೆ ಒಳ್ಳೆಯ ಡಾಕ್ಟರನ್ನು ಹುಡುಕಬೇಕು, ಹುಡುಕುತ್ತಾಳೆ. ಅದು ನಾಳೆಯ ಮಾತು. ಈಗ ಅವಳ ಹತ್ತಿರ ಇದ್ದದ್ದು ಬಾಯೊಂದೇ. ಆ ಅಣ್ಣನ ದನಿಯ ಬದಲು ತನ್ನ ದನಿಯಾದರೂ ಕೇಳಲಿ ಎಂದು ಅದನ್ನೇ ತೆರೆದಳು. ಅಪ್ಪ ನಿನ್ನೆ ಈರುಳ್ಳಿಯನ್ನು ಸೀಯಿಸಿ ಹಾಕಿದ್ದು ಗೊತ್ತಾಯಿತಾ ಎಂದು ಕೇಳಿದಳು. ಆ ಹಳದಿ ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಳು. ಕಡತಗಳ ವಿಭಾಗದ ಗುಮಾಸ್ತ ಮಾತಿಗೆ ಮೂರು ಸಲ ಸೀನುತ್ತಾನೆ, ನಾಳೆಯಿಂದ ಅವನ ಪಕ್ಕದಲ್ಲೇ ತನ್ನ ಮೇಜು ಎಂದಳು. ಬಾಯಿಗೆ ಬಂದದ್ದನ್ನೆಲ್ಲ, ಉಸಿರು ತೆಗೆಯಲೂ ಬಿಡುವು ಕೊಡದೆ, ಪಕ್ಕದಲ್ಲಿ ನಿಂತವರು ತಿರುಗಿ ನೋಡುವ ಹಾಗೆ ಮಾತಾಡಿದಳು.

"ಅಮ್ಮಾ, ಸುಮ್ನಿರೇ. ತಪ್ಪೋಯ್ತು ನಂಗೆ," ಎಂದಳು ಮಗಳು. ದನಿಯಲ್ಲಿ ಸಿಟ್ಟಿತ್ತು. "ಮತ್ತೆ ಒಂದ್ರಿಂದ ಶುರು ಮಾಡ್ಬೇಕು ಈಗ."

"ಮಾಡು. ಹತ್ತಕ್ಕೆ ಬರೋ ಹೊತ್ತಿಗೆ ಮತ್ತೆ ಮಾತಾಡ್ತೀನಿ."

ಮಗಳು ಅವಳನ್ನು ದುರುಗುಟ್ಟಿ ನೋಡಿದಳು. ಕಾರುಗಳು ನಿಂತವು, ದಾರಿ ಬಿಟ್ಟಿತು. ಇಬ್ಬರೂ ರಸ್ತೆಗೆ ಇಳಿದರು, ಮಗಳ ತುಟಿ ಮತ್ತೆ ಆಡತೊಡಗಿತು, ತಾಯಿ ಅವಳ ಕೈ ಹಿಡಿದುಕೊಂಡು ಆ ಗುಮಾಸ್ತನ ಸೀನಿನ ಕಥೆಯನ್ನು ಮೊದಲಿನಿಂದ ಹೇಳಲು ಶುರು ಮಾಡಿದಳು.